ಒಂದೇ ಊರು, ಎರಡು ಪಾರ್ಟಿ

ಚನ್ನಪಟ್ಟಣದಲ್ಲಿ ಸಿ.ಪಿ. ಯೋಗೇಶ್ವರ್ 1999ರಲ್ಲಿ ಪಕ್ಷೇತರರಾಗಿ ಗೆದ್ದರು. 2004 ಮತ್ತು 2008ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. 2011ರ ಉಪಚುನಾವಣೆಯಲ್ಲಿ ಬಿಜೆಪಿ, 2013ರಲ್ಲಿ ಈ ಸೀಮೆಯಲ್ಲಿ ಬೇರೂರಿಯೇ ಇಲ್ಲದ ಸಮಾಜವಾದಿ ಪಕ್ಷ, 2024ರ ನವೆಂಬರಿನಲ್ಲಿ ಮತ್ತೆ ಕಾಂಗ್ರೆಸ್. ಪಕ್ಕದ ಮಾಗಡಿಯಲ್ಲಿ ಎಚ್.ಸಿ. ಬಾಲಕೃಷ್ಣ 1994ರಲ್ಲಿ ಗೆದ್ದದ್ದು ಬಿಜೆಪಿಯಿಂದ, ಆಮೇಲೆ ಜೆಡಿಎಸ್‌ನಿಂದ, 2023ರಲ್ಲಿ ಕಾಂಗ್ರೆಸ್ಸಿನಿಂದ. ಬಾವುಟ ಬದಲಾಗುತ್ತಾ ಹೋಯಿತು. ಊರೊಳಗಿನ ಗೆರೆ ಮಾತ್ರ ಇದ್ದಲ್ಲೇ ಇತ್ತು. ಈ ಕಡೆಯ ಯಾವುದೇ ಹಳ್ಳಿಯ ಟೀ ಅಂಗಡಿಯಲ್ಲಿ ಕೂತು ಒಂದು ಹೆಸರು ಎತ್ತಿ ನೋಡಿ. ಆತ ಯಾವ ಪಕ್ಷ ಅಂತ ಹೇಳುವುದಕ್ಕೆ ಮೊದಲು ಆತ ‘ಯಾರ ಕಡೆ’ ಅಂತ ಹೇಳುತ್ತಾರೆ.

ದೇಶವೊಂದು ಒಳಗೊಳಗೇ ಸೀಳಿಹೋಗುವುದು ಯಾಕೆ ಅಂತ ಕೇಳಿದರೆ ನಮ್ಮ ಬಾಯಲ್ಲಿ ತಯಾರಿರುವ ಉತ್ತರ: ಧರ್ಮ ಬೇರೆ, ಭಾಷೆ ಬೇರೆ, ಜಾತಿ ಬೇರೆ, ಬಡವ ಬಲ್ಲಿದ ಬೇರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಈ ಉತ್ತರ ನಿಲ್ಲುವುದಿಲ್ಲ. ಇಲ್ಲಿ ಹೊಡೆದಾಡುವ ಎರಡೂ ಕಡೆಯ ಮುಂದಾಳುಗಳು ಹೆಚ್ಚಿನಂಶ ಒಕ್ಕಲಿಗರೇ. ಎರಡೂ ಕಡೆಯವರ ತಟ್ಟೆಯಲ್ಲಿ ರಾಗಿಮುದ್ದೆ, ಹಿತ್ತಿಲಲ್ಲಿ ರೇಷ್ಮೆ ಹುಳು, ಹರಕೆ ಅದೇ ಬೆಟ್ಟದ ದೇವರಿಗೆ. ಬೀಗತನವೂ ಉಂಟು. ಆದರೂ ಗೆರೆ ಎಷ್ಟು ಗಟ್ಟಿಯೆಂದರೆ ದೇವೇಗೌಡರ ಮನೆತನಕ್ಕೂ ಡಿ.ಕೆ. ಶಿವಕುಮಾರ್ ಮನೆತನಕ್ಕೂ 1985ರಲ್ಲಿ ಸಾತನೂರಿನಲ್ಲಿ ಹತ್ತಿದ ಜಿದ್ದು ಮುಂದಿನ ತಲೆಮಾರಿಗೂ ಇಳಿದಿದೆ.

ಇದಕ್ಕೆ ಕಾರಣ ಏನು ಎಂಬುದನ್ನು ಕಂಡುಕೊಂಡ ಕತೆ ಅಕ್ಕಪಕ್ಕದಲ್ಲೇ ನಡೆದದ್ದು. ಮೈಸೂರು, ಬೆಂಗಳೂರು, ಮಂಡ್ಯ ಸೀಮೆಯ ಕೆಲವು ಹಳ್ಳಿಗಳಲ್ಲಿ, 1948ರಿಂದ ಹನ್ನೆರಡು ವರ್ಷದೊಳಗೆ. ಕಂಡುಕೊಂಡವರು ಅದನ್ನು ಹುಡುಕಿಕೊಂಡು ಬಂದವರೇ ಅಲ್ಲ.

ಮೊದಲು ಬಂದವರು ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ಮಹಾರಾಜ ಕಾಲೇಜಿನಲ್ಲಿ ಓದಿ, ಬೊಂಬಾಯಿಯಲ್ಲಿ ಘುರ್ಯೆ ಅವರ ಶಿಷ್ಯರಾಗಿ, ಆಕ್ಸ್‌ಫರ್ಡಿನಲ್ಲಿ ಕೊಡವರ ಧರ್ಮದ ಬಗ್ಗೆ ಪ್ರಬಂಧ ಬರೆದು, 1948ರಲ್ಲಿ ತಿ. ನರಸೀಪುರ ತಾಲ್ಲೂಕಿನ ಕೊಡಗಹಳ್ಳಿಗೆ ಬಂದು ಇಳಿದರು. ಪುಸ್ತಕದಲ್ಲಿ ಆ ಊರಿಗೆ ರಾಂಪುರ ಎಂದು ಹೆಸರಿಟ್ಟರು. ಸುಮಾರು 1,500 ಜನರ ಊರು, ಹತ್ತೊಂಬತ್ತೋ ಇಪ್ಪತ್ತೋ ಜಾತಿ, ಜನರಲ್ಲಿ ಅರ್ಧದಷ್ಟು ಒಕ್ಕಲಿಗರು. ತಮ್ಮ ಪೂರ್ವಿಕರ ಊರಿನ ಆಸುಪಾಸು ಎಂಬ ಮೋಹವೂ ಆ ಆಯ್ಕೆಯಲ್ಲಿ ಇತ್ತು. ಪಟೇಲರ ಎತ್ತಿನ ಮನೆಯಲ್ಲಿ ಬಿಡಾರ. ಎತ್ತುಗಳು ಒಂದು ಕಡೆ, ಸಮಾಜಶಾಸ್ತ್ರ ಒಂದು ಕಡೆ.

ಅವರು ನೋಡಬೇಕೆಂದು ಬಂದದ್ದು ಜಾತಿಯ ಮೇಲುಕೀಳು ಹಳ್ಳಿಯಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು. ಪುಸ್ತಕಗಳ ಪ್ರಕಾರ ಏಣಿಯ ತುದಿಯಲ್ಲಿ ಬ್ರಾಹ್ಮಣ. ಕೊಡಗಹಳ್ಳಿಯಲ್ಲಿ ಕೂತು ನೋಡಿದರೆ ಮಡಿಯ ಮಟ್ಟಿಗೆ ಅದು ನಿಜ, ಮಿಕ್ಕದ್ದಕ್ಕೆಲ್ಲ ಸುಳ್ಳು. ಭೂಮಿ ಒಕ್ಕಲಿಗರದು, ತಲೆ ಎಣಿಕೆ ಒಕ್ಕಲಿಗರದು, ಬೇರೆ ಜಾತಿಯವರ ಜಗಳವೂ ನ್ಯಾಯಕ್ಕೆ ಬರುತ್ತಿದ್ದುದು ಒಕ್ಕಲಿಗ ಯಜಮಾನರ ಮುಂದೆ. ಇದನ್ನೇ ಅವರು ‘ಪ್ರಬಲ ಜಾತಿ’ ಎಂದು ಕರೆದು, 1959ರಲ್ಲಿ ಅಮೆರಿಕದ ಮಾನವಶಾಸ್ತ್ರ ಪತ್ರಿಕೆಯೊಂದರಲ್ಲಿ ವಿಸ್ತಾರವಾಗಿ ಬರೆದರು. ಆ ಮಾತು ಈಗ ಪಠ್ಯಪುಸ್ತಕದಲ್ಲಿದೆ, ಟೀವಿ ಚರ್ಚೆಯಲ್ಲಿದೆ.

ಆದರೆ ನನ್ನ ಪ್ರಕಾರ ಅವರು ಕಂಡ ದೊಡ್ಡ ವಿಷಯ ಅದರ ಕೆಳಗಿನದು. ಪ್ರಬಲ ಜಾತಿ ಎಂದರೆ ಒಗ್ಗಟ್ಟಿನ ಜಾತಿ ಎಂದು ನಾವು ತಿಳಿಯುತ್ತೇವೆ. ಶ್ರೀನಿವಾಸ್ ಹತ್ತಿರದಿಂದ ನೋಡಿದಾಗ ಊರು ಒಡೆಯುತ್ತಿದ್ದುದೇ ಪ್ರಬಲ ಜಾತಿಯ ನಡುವಿನಿಂದ. ದೊಡ್ಡ ಹಿಡುವಳಿಯ ಒಬ್ಬ ಗೌಡನ ಹಿಂದೆ ಅವನ ದಾಯಾದಿಗಳು, ಗೇಣಿ ಮಾಡುವವರು, ಜೀತದಾಳುಗಳು, ಸಾಲ ತೆಗೆದುಕೊಂಡವರು, ಕ್ಷೌರದವನು, ಅಗಸ, ಕುಳವಾಡಿ ಎಲ್ಲ ಸೇರಿ ಒಂದು ಗುಂಪು. ಇನ್ನೊಬ್ಬ ಗೌಡನ ಹಿಂದೆ ಅದೇ ಎಲ್ಲ ಜಾತಿಗಳ ಇನ್ನೊಂದು ಗುಂಪು. ಸೀಳು ಜಾತಿಗೂ ಜಾತಿಗೂ ನಡುವೆ ಅಡ್ಡಡ್ಡ ಹೋಗಿರಲಿಲ್ಲ, ಎಲ್ಲ ಜಾತಿಗಳನ್ನೂ ಉದ್ದುದ್ದ ಕೊಯ್ದುಕೊಂಡು ಮೇಲಿಂದ ಕೆಳಗೆ ಇಳಿದಿತ್ತು. ಯಾಕೆಂದರೆ ಗೌಡನಿಗೆ ಪೈಪೋಟಿ ಕೊಡಬಲ್ಲವನು ಇನ್ನೊಬ್ಬ ಗೌಡನೇ. ಕೂಲಿಯವನು ಅವನಿಗೆ ಎದುರಾಳಿ ಅಲ್ಲ. ಪಟೇಲಿಕೆಗೆ ಆಸೆಪಡುವವನು, ಗದ್ದೆಯ ಬದು ಒತ್ತುವವನು, ಜಾತ್ರೆಯಲ್ಲಿ ಮೊದಲ ಮರ್ಯಾದೆ ಕೇಳುವವನು ತನ್ನ ಸಮಕ್ಕೇ ನಿಂತವನು. ಹೋಲಿಕೆ ಹೆಚ್ಚಿದಷ್ಟೂ ಜಿದ್ದು ಹೆಚ್ಚು.

1952ರಲ್ಲಿ ದೇಶದ ಮೊದಲ ಸಾರ್ವತ್ರಿಕ ಚುನಾವಣೆ ಮುಗಿದಿತ್ತು. ಅದೇ ವರ್ಷ ಶ್ರೀನಿವಾಸ್ ಮತ್ತೆ ಊರಿಗೆ ಬಂದರು. ಹಳೆಯ ಗುಂಪುಗಳಿಗೆ ಹೊಸ ಕೆಲಸ ಸಿಕ್ಕಿತ್ತು. ಅಭ್ಯರ್ಥಿಗಳು ಮತದಾರರ ಮನೆ ಮನೆಗೆ ಹೋಗುವ ಕಷ್ಟ ಪಡಬೇಕಾಗಿರಲಿಲ್ಲ. ಗೌಡರ ಜಗುಲಿಗೆ ಹೋದರೆ ಸಾಕು. 1955ರ ‘ವಿಲೇಜ್ ಇಂಡಿಯಾ’ ಎಂಬ ಸಂಕಲನದ ಲೇಖನದಲ್ಲಿ ಅವರು ಇದನ್ನು ‘ವೋಟ್ ಬ್ಯಾಂಕ್’ ಎಂದು ಬರೆದರು. ಇವತ್ತು ಅದನ್ನು ಇಡೀ ಸಮುದಾಯಗಳ ಮೇಲೆ, ಬೈಗುಳದಂತೆ ಎಸೆಯುತ್ತಾರೆ. ಅವರು ಹೇಳಿದ್ದು ಊರಿನ ಯಜಮಾನನ ಬಗ್ಗೆ, ತನ್ನನ್ನು ನಂಬಿದವರ ಮತವನ್ನು ಒಟ್ಟಿಗೆ ತಂದು ಹಾಕಿಸಬಲ್ಲ ಒಬ್ಬ ಮನುಷ್ಯನ ಬಗ್ಗೆ. ಹಾಗೆ ಓದಿಕೊಂಡರೆ ಚನ್ನಪಟ್ಟಣದಲ್ಲಿ ಒಬ್ಬನೇ ಮನುಷ್ಯ ಅಷ್ಟೊಂದು ಬಾವುಟ ಹಿಡಿದು ಗೆದ್ದದ್ದು ವಿಚಿತ್ರವೇನಲ್ಲ.

ಕೊಡಗಹಳ್ಳಿಯ ಸಂಶೋಧನೆಯ ಕಾಗದಗಳಿಗೆ ಆದ ಗತಿಯೂ ಇಲ್ಲಿ ಹೇಳಬೇಕು. 1970ರಲ್ಲಿ ಶ್ರೀನಿವಾಸ್ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡಿನಲ್ಲಿ ಕೂತು ಪುಸ್ತಕ ಬರೆಯುವ ತಯಾರಿಯಲ್ಲಿದ್ದರು. ವಿಯೆಟ್ನಾಂ ಯುದ್ಧದ ವಿಷಯದಲ್ಲಿ ಅಮೆರಿಕ ಎರಡು ಹೋಳಾಗಿದ್ದ ಕಾಲ. ಏಪ್ರಿಲ್ 24ರ ರಾತ್ರಿ ಯಾರೋ ಅವರು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ಬೆಂಕಿ ಇಟ್ಟರು. ಹದಿನೆಂಟು ವರ್ಷ ಕೂತು ಅಣಿಗೊಳಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟವು. ಗೆಳೆಯ, ಮಾನವಶಾಸ್ತ್ರಜ್ಞ ಸಾಲ್ ಟ್ಯಾಕ್ಸ್ ನೆನಪಿನಿಂದಲೇ ಬರಿ ಎಂದರು. 1976ರಲ್ಲಿ ಬಂದ ‘ದಿ ರಿಮೆಂಬರ್ಡ್ ವಿಲೇಜ್’ ಹಾಗೆ ಹುಟ್ಟಿತು. ವರ್ಗಗಳು ಮತ್ತು ಬಣಗಳ ಬಗ್ಗೆಯೇ ಅದರಲ್ಲಿ ಒಂದು ಅಧ್ಯಾಯ ಇದೆ. ಹಳ್ಳಿಯೊಂದು ಹೇಗೆ ಒಡೆಯುತ್ತದೆ ಎಂಬ ಬರಹ ಒಡೆದ ದೇಶವೊಂದರ ಬೆಂಕಿಗೆ ಸಿಕ್ಕಿದ್ದನ್ನು ಕತೆಗಾರನೊಬ್ಬ ಬರೆದಿದ್ದರೆ ‘ಸ್ವಲ್ಪ ಜಾಸ್ತಿಯಾಯಿತು’ ಅನ್ನುತ್ತಿದ್ದೆವು.

ಶ್ರೀನಿವಾಸ್ ಕಂಡದ್ದರಲ್ಲಿ ಒಂದು ಪ್ರಶ್ನೆ ಉಳಿದಿತ್ತು. ಯಜಮಾನರು ಇಬ್ಬರಿರುವ ಊರುಗಳೆಲ್ಲ ಒಡೆಯುವುದಿಲ್ಲ. ಕೊಡಗಹಳ್ಳಿಯಲ್ಲೇ ಪಟೇಲರೂ ನಾಡುಗೌಡರೂ ಸ್ನೇಹಿತರಾಗಿ ಊರು ನಡೆಸುತ್ತಿದ್ದರು. ಹಾಗಾದರೆ ಕೆಲವು ಊರು ಮಾತ್ರ ಯಾಕೆ ಪುಡಿಯಾಗುತ್ತವೆ?

ಇದರ ಎಳೆ ಸಿಕ್ಕಿದ್ದು ಅಲನ್ ಬೀಲ್ಸ್ ಎಂಬ ಅಮೆರಿಕದ ಯುವಕನಿಗೆ. 1952ರ ಹೊತ್ತಿಗೆ ಆತ ಬೆಂಗಳೂರಿನ ಹತ್ತಿರದ ಹಳ್ಳಿಯೊಂದರಲ್ಲಿ ನೆಲೆಸಿದ್ದ. ಬರಹದಲ್ಲಿ ಅದಕ್ಕೆ ‘ನಮ್ಮಹಳ್ಳಿ’ ಎಂಬಂಥ ಹೆಸರು ಕೊಟ್ಟ. (ಶ್ರೀನಿವಾಸರ ಲೇಖನ ಬಂದ 1955ರ ಸಂಕಲನದಲ್ಲೇ ಈತನದೂ ಇದೆ. ಒಂದೇ ರಟ್ಟಿನೊಳಗೆ ಹಳೇ ಮೈಸೂರಿನ ಎರಡು ಊರು.) ಆತ ನೋಡಲು ಬಂದದ್ದು ಪಟ್ಟಣದ ಗಾಳಿ ಹಳ್ಳಿಯನ್ನು ಹೇಗೆ ಬದಲಿಸುತ್ತದೆ ಎಂಬುದನ್ನು. ಕಣ್ಣಿಗೆ ಬಿದ್ದದ್ದು ಎಲ್ಲರೂ ಸೇರಿ ಏನನ್ನೂ ಮಾಡಲಾಗದ ಒಂದು ಊರು. ಗುಂಪುಗಳೂ ಗಟ್ಟಿ ಇರಲಿಲ್ಲ. ಇವತ್ತು ಇವನ ಜೊತೆ ಇದ್ದವನು ನಾಳೆ ಅವನ ಜೊತೆ. ನ್ಯಾಯ ಹೇಳುವವರ ಮಾತನ್ನು ಕೇಳುವವರಿರಲಿಲ್ಲ.

ಅಮೆರಿಕಕ್ಕೆ ಮರಳಿದ ಬೀಲ್ಸ್ ಇದನ್ನು ಬರ್ನಾರ್ಡ್ ಸೀಗೆಲ್ ಎಂಬ ಇನ್ನೊಬ್ಬ ಮಾನವಶಾಸ್ತ್ರಜ್ಞರ ಮುಂದಿಟ್ಟ. ಸೀಗೆಲ್ ಕೆಲಸ ಮಾಡಿದ್ದು ನ್ಯೂ ಮೆಕ್ಸಿಕೊದ ಟಾವೊಸ್ ಎಂಬ ಮೂಲನಿವಾಸಿಗಳ ಊರಿನಲ್ಲಿ. ಭಾಷೆ, ದೇವರು, ಬೆಳೆ, ಹವೆ, ಯಾವುದರಲ್ಲೂ ಬೆಂಗಳೂರಿನ ಪಕ್ಕದ ಹಳ್ಳಿಗೆ ಸಂಬಂಧವಿಲ್ಲ. ಆದರೆ ಒಡೆದ ರೀತಿ ಒಂದೇ. ಇಬ್ಬರೂ ಸೇರಿ 1960ರಲ್ಲಿ ಒಂದು ಲೇಖನ, 1966ರಲ್ಲಿ ಒಂದು ಪುಸ್ತಕ ತಂದರು. ಅವರು ಹೇಳಿದ್ದರ ಸಾರ ಹೀಗೆ: ಒಳಗಿನ ಬಿರುಕು ಎಲ್ಲ ಊರಲ್ಲೂ ಇರುತ್ತದೆ, ಅಷ್ಟರಿಂದಲೇ ಊರು ಒಡೆಯುವುದಿಲ್ಲ. ಹೊರಗಿನಿಂದ ಬರುವ ಒತ್ತಡ ಎಲ್ಲರ ಮೇಲೆ ಒಂದೇ ಸಮ ಬಿದ್ದರೆ, ಬರವೋ ದಂಡೋ ಬಂದ ಹಾಗೆ, ಊರು ಒಂದಾಗುತ್ತದೆ. ಅದೇ ಒತ್ತಡ ಆರಿಸಿ ಆರಿಸಿ ಬಿದ್ದರೆ, ಒಬ್ಬನಿಗೆ ನೌಕರಿ, ಇನ್ನೊಬ್ಬನಿಗೆ ಲೈಸೆನ್ಸು, ಮತ್ತೊಬ್ಬನಿಗೆ ಏನೂ ಇಲ್ಲ ಎಂಬಂತೆ, ಯಾರಿಂದ ಏನಾಯಿತು ಅಂತ ಕಣ್ಣಿಗೆ ಕಾಣದಂತೆ ಬಿದ್ದರೆ, ಹಳೆಯ ಬಿರುಕು ಬಾಯಿ ಬಿಡುತ್ತದೆ. ಕಾಣದ ಕಾರಣಕ್ಕೆ ಜನ ಕಾಣುವ ಮುಖವೊಂದನ್ನು ಹುಡುಕುತ್ತಾರೆ. ಆ ಮುಖ ಪಕ್ಕದ ಮನೆಯದು.

ಇಗ್ಗಲೂರಿನ ನೀರಿನ ಕತೆಯನ್ನು ಈ ಬೆಳಕಿನಲ್ಲಿ ನೋಡಬಹುದು. ಶಿಂಷಾ ನದಿಗೆ ಅಡ್ಡಲಾಗಿ ಇಗ್ಗಲೂರಿನಲ್ಲಿ ಕಟ್ಟಿದ ಬ್ಯಾರೇಜಿಗೆ ದೇವೇಗೌಡರ ಹೆಸರಿದೆ. ಆ ನೀರನ್ನು ಎತ್ತಿ ಚನ್ನಪಟ್ಟಣದ ಕೆರೆಗಳಿಗೆ ತುಂಬಿಸಿದ ಕೀರ್ತಿಯನ್ನು ಯೋಗೇಶ್ವರ್ ಕಡೆಯವರು ಅವರಿಗೆ ಕೊಟ್ಟು ಭಗೀರಥ ಅಂತಾರೆ. ಚುನಾವಣೆ ಬಂದಾಗಲೆಲ್ಲ ನೀರು ತಂದದ್ದು ಯಾರು ಎಂಬ ವಾದ ಎದ್ದೇಳುತ್ತದೆ. ನೀರು ಇಬ್ಬರ ತೋಟಕ್ಕೂ ಬಂದಿದೆ, ಬೋರ್‌ವೆಲ್ಲಿಗೆ ಪಾರ್ಟಿ ಗೊತ್ತಿಲ್ಲ. ಆದರೂ ನೀರು ಹಕ್ಕಾಗಿ ಬಾರದೆ ಒಬ್ಬ ನಾಯಕನ ಕೈಯಿಂದ ಬಂದದ್ದಾಗಿ ಕಂಡಮೇಲೆ ಆ ಕೈಯವರು, ಈ ಕೈಯವರು ಎಂಬ ವಿಂಗಡಣೆ ತಾನಾಗಿ ಆಗುತ್ತದೆ. ಕೆಂಗಲ್ ಹನುಮಂತಯ್ಯ, ರಾಮಕೃಷ್ಣ ಹೆಗಡೆ, ದೇವೇಗೌಡ, ಕುಮಾರಸ್ವಾಮಿ, ಇಷ್ಟೂ ಮುಖ್ಯಮಂತ್ರಿಗಳು ಒಂದಲ್ಲ ಒಂದು ಸಲ ಈ ನಾಲ್ಕು ತಾಲ್ಲೂಕಿನ ಸೀಟಿನಲ್ಲಿ ಗೆದ್ದವರು. ಅಷ್ಟು ಹತ್ತಿರದಲ್ಲಿ ಅಷ್ಟು ದೊಡ್ಡ ಅಧಿಕಾರ ಇದ್ದ ಜಾಗ ಕರ್ನಾಟಕದಲ್ಲಿ ಇನ್ನೊಂದು ಸಿಗುವುದು ಕಷ್ಟ. ಬೀಲ್ಸ್ ಹೇಳಿದ ‘ಆರಿಸಿ ಬೀಳುವ’ ಹೊರಗಿನ ಬಲ ಇಲ್ಲಿ ಹೊಸ್ತಿಲಲ್ಲೇ ನಿಂತಿತ್ತು.

ಮೂರನೆಯವರು ಸ್ಕಾರ್ಲೆಟ್ ಎಪ್‌ಸ್ಟೈನ್. ವಿಯೆನ್ನಾದ ಯಹೂದಿ ಮನೆತನದ ಹೆಣ್ಣುಮಗಳು, ಹಿಟ್ಲರನ ಕಾಲದಲ್ಲಿ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದವರು. ನೆರೆಹೊರೆಯವರು ರಾತ್ರೋರಾತ್ರಿ ಶತ್ರುಗಳಾಗುವುದು ಎಂದರೇನು ಅಂತ ಅವರಿಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. 1954ರಿಂದ 56ರವರೆಗೆ ಮಂಡ್ಯದ ಸುತ್ತಿನ ಎರಡು ಹಳ್ಳಿಗಳಲ್ಲಿ ಇದ್ದು ಕೆಲಸ ಮಾಡಿದರು. ಪುಸ್ತಕದಲ್ಲಿ ಅವುಗಳಿಗೆ ವಾಂಗಲ ಮತ್ತು ದಲೇನ ಎಂದು ಹೆಸರು. ವಾಂಗಲಕ್ಕೆ ಕನ್ನಂಬಾಡಿಯ ನಾಲೆ ನೀರು ಬಂದಿತ್ತು. ದಲೇನ ಎತ್ತರದಲ್ಲಿದ್ದು ಒಣಗಿಯೇ ಉಳಿದಿತ್ತು. ಸಾಮಾನ್ಯವಾಗಿ ಯೋಚಿಸಿದರೆ ನೀರು ಬಂದ ಊರು ಬದಲಾಗಬೇಕು, ಒಣ ಊರು ಹಾಗೇ ಇರಬೇಕು. ಎಪ್‌ಸ್ಟೈನ್ ಕಂಡದ್ದು ತಿರುಗಾಮುರುಗ. ವಾಂಗಲದವರು ಕಬ್ಬು ಬೆಳೆದು ದುಡ್ಡು ಕಂಡರು, ಆದರೆ ಬೇಸಾಯ ಬಿಡಲಿಲ್ಲ, ಆಳುಮಕ್ಕಳ ಹಳೆಯ ಸಂಬಂಧ ಬಿಡಲಿಲ್ಲ, ಊರ ಕಟ್ಟುಪಾಡು ಹೆಚ್ಚು ಕಡಿಮೆ ಉಳಿಯಿತು. ನೀರಿಲ್ಲದ ದಲೇನದವರು ಮಂಡ್ಯದಲ್ಲಿ ಕೆಲಸ ಹಿಡಿದರು, ವ್ಯಾಪಾರಕ್ಕೆ ಇಳಿದರು, ಬೇರೆ ಊರಿನಲ್ಲಿ ಜಮೀನು ಕೊಂಡರು. ಹಳೇ ಊರೊಟ್ಟಿನ ಕಟ್ಟು ಸಡಿಲವಾದದ್ದು ಅಲ್ಲಿ.

ಆದರೆ ವಾಂಗಲ ಸುಖದ ಊರಾಗಿತ್ತು ಎಂದಲ್ಲ. ಅಲ್ಲಿ ಹುಟ್ಟಿನಿಂದ ಯಜಮಾನಿಕೆ ಪಡೆದ ಮನೆತನಗಳಿಗೂ ಕಬ್ಬಿನಿಂದ ಮೇಲೆದ್ದ ಹೊಸ ಕುಳಗಳಿಗೂ ತಿಕ್ಕಾಟವಿತ್ತು, ಎರಡೂ ಕಡೆ ಒಕ್ಕಲಿಗರೇ. ಅದೇ ಊರಿನ ಆದಿಕರ್ನಾಟಕರು ಒಂದು ನಾಟಕ ಆಡಹೊರಟರು. ರಾಜನ ಪಾತ್ರದವನು ಸಿಂಹಾಸನದ ಮೇಲೆ ಕೂರಬೇಕು. ಅವನು ಹೇಗೆ ಸಿಂಹಾಸನದ ಮೇಲೆ ಕೂತಾನು ಅಂತ ಒಕ್ಕಲಿಗರು ಒಟ್ಟಾಗಿ ಅವರನ್ನು ಕೆಲಸಕ್ಕೆ ಕರೆಯುವುದನ್ನೇ ನಿಲ್ಲಿಸಿದರು. ಮರದ ಸಿಂಹಾಸನ, ಒಂದು ರಾತ್ರಿಯ ರಾಜ! ಒಡಕಿಲ್ಲದ ಹಳೆಯ ಊರಿನ ಶಾಂತಿ ಯಾರ ಬೆನ್ನ ಮೇಲೆ ಕೂತಿತ್ತು ಎಂಬುದನ್ನು ಆ ನಾಟಕ ತೋರಿಸುತ್ತದೆ. ಒಗ್ಗಟ್ಟನ್ನು ಕಂಡ ಕೂಡಲೇ ಕೊಂಡಾಡುವವರು ಈ ಪುಟವನ್ನು ಓದಬೇಕು.

ಎಪ್‌ಸ್ಟೈನ್ ಬಂದದ್ದು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ. ಅಲ್ಲಿನ ಹಿರಿಯರು ಮ್ಯಾಕ್ಸ್ ಗ್ಲುಕ್‌ಮನ್, ದಕ್ಷಿಣ ಆಫ್ರಿಕಾದವರು. 1955ರಲ್ಲಿ ಬಂದ ಅವರ ರೇಡಿಯೊ ಭಾಷಣಗಳ ಪುಸ್ತಕದ ಮುಖ್ಯ ಮಾತು ಈ ಕತೆಯ ಕೊನೆಯ ತುಂಡು. ಜನ ಒಂದು ವಿಷಯದಲ್ಲಿ ಜಗಳವಾಡುತ್ತಾರೆ, ಇನ್ನೊಂದರಲ್ಲಿ ಅದೇ ಎದುರಾಳಿ ಬೀಗನಾಗಿರುತ್ತಾನೆ, ಮತ್ತೊಂದರಲ್ಲಿ ಪಾಲುಗಾರನಾಗಿರುತ್ತಾನೆ. ಒಂದು ಗೆರೆ ಇನ್ನೊಂದನ್ನು ಕತ್ತರಿಸುತ್ತಾ ಹೋದಷ್ಟೂ ಯಾವ ಜಗಳವೂ ಬುಡದವರೆಗೆ ಇಳಿಯುವುದಿಲ್ಲ. ಎಲ್ಲ ಗೆರೆಗಳೂ ಒಂದರ ಮೇಲೊಂದು ಬಿದ್ದಾಗ ದೇಶ ಒಡೆಯುತ್ತದೆ. ಉತ್ತರ ಐರ್ಲೆಂಡಿನಲ್ಲಿ ಆದದ್ದು ಅದು: ಒಬ್ಬನ ಚರ್ಚು ಯಾವುದು ಎಂದು ಗೊತ್ತಾದರೆ ಅವನ ಬೀದಿ, ಅವನ ಮಕ್ಕಳ ಶಾಲೆ, ಅವನ ಪಕ್ಷ ಯಾವುದೆಂದು ಹೇಳಿಬಿಡಬಹುದಿತ್ತು.

ಆ ಲೆಕ್ಕದಲ್ಲಿ ಈ ನಾಲ್ಕು ತಾಲ್ಲೂಕುಗಳ ಒಡಕು ಗದ್ದಲದ್ದು, ಆದರೆ ಅಷ್ಟು ಆಳದ್ದಲ್ಲ ಎಂದು ನನ್ನ ಅನಿಸಿಕೆ. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಬೆಳಿಗ್ಗೆ ಹೋಗಿ ನೋಡಿ. ಗೂಡು ತರುವವರಲ್ಲಿ ಒಕ್ಕಲಿಗ ರೈತರು ಹೆಚ್ಚು, ಹರಾಜಿನಲ್ಲಿ ಕೊಳ್ಳುವ ರೀಲರುಗಳಲ್ಲಿ ಮುಸ್ಲಿಮರು ಬಹಳ. ದರಕ್ಕೆ ಚೌಕಾಸಿ, ಬೈದಾಟ, ಆಮೇಲೆ ಒಟ್ಟಿಗೆ ಟೀ. ಒಬ್ಬರಿಲ್ಲದೆ ಇನ್ನೊಬ್ಬರ ಒಲೆ ಉರಿಯದು. 2023ರಲ್ಲಿ ರಾಮನಗರ ಕ್ಷೇತ್ರ ಕಾಂಗ್ರೆಸ್ಸಿನ ಇಕ್ಬಾಲ್ ಹುಸೇನ್ ಅವರನ್ನು ಆರಿಸಿತು, ಸೋತವರು ಕುಮಾರಸ್ವಾಮಿಯವರ ಮಗ, ಜೆಡಿಎಸ್‌ನ ನಿಖಿಲ್ ಕುಮಾರಸ್ವಾಮಿ. ಧರ್ಮದ ಗೆರೆಯೂ ಪಾರ್ಟಿಯ ಗೆರೆಯೂ ಅಲ್ಲಿ ಇನ್ನೂ ಒಂದರ ಮೇಲೊಂದು ಬಿದ್ದಿಲ್ಲ. ಬೀಳಿಸಲು ಯಾರೂ ಪ್ರಯತ್ನಿಸುತ್ತಿಲ್ಲ ಎಂದು ನಾನು ಹೇಳುತ್ತಿಲ್ಲ.

ಒಂದೇ ಭಾಷೆಯವರೂ ಎಷ್ಟು ದೂರ ಸರಿಯಬಲ್ಲರು ಎಂಬುದನ್ನು ಇದೇ ಮಣ್ಣಿನ ಹನುಮಂತಯ್ಯನವರು ಅನುಭವಿಸಿ ತಿಳಿದವರು. ರಾಮನಗರದ ಹತ್ತಿರದ ಲಕ್ಕಪ್ಪನಹಳ್ಳಿಯ ಮಗ, 1952ರಲ್ಲಿ ಮೈಸೂರಿನ ಮುಖ್ಯಮಂತ್ರಿ. ಕನ್ನಡ ನಾಡು ಒಂದಾಗಬೇಕೆಂದು ಅವರು ನಿಂತಾಗ ಹಳೇ ಮೈಸೂರಿನ ಬಹಳ ಮಂದಿ ಬೇಡ ಎಂದರು. ವಿಶಾಲ ರಾಜ್ಯವಾದರೆ ಲಿಂಗಾಯತರ ಸಂಖ್ಯೆ ಮೇಲಾಗುತ್ತದೆ, ಒಕ್ಕಲಿಗರ ಕೈಯಿಂದ ಅಧಿಕಾರ ಜಾರುತ್ತದೆ ಎಂಬ ಭಯ. 1956ರ ಆಗಸ್ಟಿನಲ್ಲಿ ಸ್ವಂತ ಪಕ್ಷದವರೇ ತಿರುಗಿಬಿದ್ದು ಅವರು ಕುರ್ಚಿ ಬಿಟ್ಟರು. ನವೆಂಬರ್ 1ಕ್ಕೆ ರಾಜ್ಯ ಒಂದಾದಾಗ ಮುಖ್ಯಮಂತ್ರಿ ಸ್ಥಾನದಲ್ಲಿ ನಿಜಲಿಂಗಪ್ಪನವರಿದ್ದರು.

ಶ್ರೀನಿವಾಸ್, ಬೀಲ್ಸ್, ಎಪ್‌ಸ್ಟೈನ್ ಈ ಮೂವರ ಮಾತನ್ನೂ ಒಟ್ಟಿಗೆ ಪರೀಕ್ಷೆಗೆ ಒಡ್ಡಿದ ಒಂದು ಚುನಾವಣೆ 2019ರಲ್ಲಿ ನಡೆಯಿತು. 2018ರ ಮೇನಲ್ಲಿ ಜೆಡಿಎಸ್, ಕಾಂಗ್ರೆಸ್ ಮೈತ್ರಿಯಾಗಿ ಕುಮಾರಸ್ವಾಮಿ ಮುಖ್ಯಮಂತ್ರಿಯಾದರು, ಕಾಂಗ್ರೆಸ್ಸಿನ ಶಿವಕುಮಾರ್ ಅವರ ಕೈ ಹಿಡಿದೆತ್ತಿ ಜೊತೆ ನಿಂತರು. ಹಳ್ಳಿಗಳಲ್ಲಿ ಮೂವತ್ತು ವರ್ಷ ಒಬ್ಬರನ್ನೊಬ್ಬರು ಬೈದುಕೊಂಡವರು ಟೀವಿಯಲ್ಲಿ ಆ ಎತ್ತಿದ ಕೈಗಳನ್ನು ನೋಡಿದರು. ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಅದೇ ಮೈತ್ರಿ ಎರಡು ನೆರೆಯ ಕ್ಷೇತ್ರಗಳಲ್ಲಿ ನಿಂತಿತು. ನಾಲ್ಕೂ ತಾಲ್ಲೂಕು ಸೇರಿದ ಬೆಂಗಳೂರು ಗ್ರಾಮಾಂತರದಲ್ಲಿ ಜೆಡಿಎಸ್ ಮತಗಳು ಕಾಂಗ್ರೆಸ್ಸಿನ ಡಿ.ಕೆ. ಸುರೇಶ್ ಅವರಿಗೆ ಹರಿದವು. ಎರಡು ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಗೆದ್ದ ಅವರು ಆ ಸಲ ರಾಜ್ಯದಿಂದ ಆರಿಸಿಬಂದ ಒಬ್ಬರೇ ಕಾಂಗ್ರೆಸ್ಸಿಗರು. ಪಕ್ಕದ ಮಂಡ್ಯದಲ್ಲಿ ಕಾಂಗ್ರೆಸ್ಸಿನವರು ಮೈತ್ರಿಯ ಜೆಡಿಎಸ್ ಅಭ್ಯರ್ಥಿ ನಿಖಿಲ್ ಅವರಿಗೆ ಮತ ಹಾಕುವುದಿಲ್ಲ ಎಂದು ಕೂತರು. ಪಕ್ಷೇತರರಾಗಿ ನಿಂತ ಸುಮಲತಾ ಅಂಬರೀಶ್ ಸುಮಾರು 1.25 ಲಕ್ಷ ಮತಗಳಿಂದ ಗೆದ್ದರು.

ಜಾತಿ ಒಂದೇ, ಮೈತ್ರಿ ಒಂದೇ, ತಿಂಗಳೂ ಒಂದೇ. ವ್ಯತ್ಯಾಸ ಎಲ್ಲಿ? ನನಗೆ ತೋಚುವುದು ಹೀಗೆ. ರಾಮನಗರ, ಚನ್ನಪಟ್ಟಣದ ಜೆಡಿಎಸ್‌ನವನಿಗೆ ಮುಖ್ಯಮಂತ್ರಿ ತನ್ನವನು, ಕೊಡುವ ಕೈ ತನ್ನ ಕಡೆಯದು. ಎದುರಿನವನಿಗೆ ಒಂದು ಮತ ಕೊಟ್ಟರೆ ಊರಿನಲ್ಲಿ ಅವನ ಕಿಮ್ಮತ್ತು ಇಳಿಯುವುದಿಲ್ಲ. ಮಂಡ್ಯದ ಕಾಂಗ್ರೆಸ್ ಯಜಮಾನನಿಗೆ ಹಾಗಲ್ಲ. ವರ್ಗಾವಣೆ, ಕಾಮಗಾರಿ, ಸೊಸೈಟಿ ಎಲ್ಲದರಲ್ಲೂ ತನ್ನನ್ನು ಹಿಂದೆ ತಳ್ಳಿದ ಗುಂಪಿಗೇ ಮತ ಹಾಕಿಸಿದರೆ ತನ್ನ ಹಿಂದಿನವರು ನಾಳೆ ತನ್ನ ಜಗುಲಿ ಹತ್ತುವುದಿಲ್ಲ. ಮೇಲಿನವರು ಕೈ ಹಿಡಿದರೂ ಕೆಳಗಿನವನ ಲೆಕ್ಕ ಬೇರೆ.

2019ರ ಜುಲೈನಲ್ಲಿ ಆ ಸರ್ಕಾರ ಬಿತ್ತು. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಬಂತು. ಕಾನೂನಿನ ಪ್ರಕಾರ ಅದರಲ್ಲಿ ಪಕ್ಷದ ಗುರುತು ಇರುವುದಿಲ್ಲ. ಮತಪತ್ರದಲ್ಲಿ ಇದ್ದದ್ದು ಆಟೋ, ಹೊಲಿಗೆ ಯಂತ್ರ, ತೆಂಗಿನಕಾಯಿಯಂಥ ಬಿಡಿ ಚಿಹ್ನೆಗಳು. ಯಾವುದು ಯಾರ ಕಡೆಯದು ಎಂದು ಊರಿನಲ್ಲಿ ಯಾರೂ ಕೇಳಬೇಕಾಗಲಿಲ್ಲ.